ಊರಿಲ್ಲದ ಕಲ್ಲುಗಳು

ನಮ್ಮ ಕಾಲೇಜಿನ ಹಳೆಯ ಕಟ್ಟಡದ ಮೊಗಸಾಲೆಯಲ್ಲಿ ಒಂದು ಗಾಜಿನ ಬೀರು ಇತ್ತು. ಅದರ ನಾಲ್ಕು ಅಂತಸ್ತುಗಳಲ್ಲಿಯೂ ಕಲ್ಲುಗಳು. ಟಗರಿನ ಕೊಂಬಿನಂತೆ ಸುರುಳಿ ಸುತ್ತಿಕೊಂಡವು ಕೆಲವು. ಸಿಂಪಿನ ಚಿಪ್ಪಿನಂತೆ ಮಡಿಸಿಕೊಂಡವು ಕೆಲವು. ಕೋವಿಯ ಗುಂಡಿನಂತೆ ಒಂದು ತುದಿಗೆ ಚೂಪಾದವು ಮತ್ತೆ ಕೆಲವು. ಅವೆಲ್ಲ ಪಳೆಯುಳಿಕೆಗಳು. ಕಾಲೇಜಿನ ವಿಜ್ಞಾನ ಸಂಘದ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಪ್ರವಾಸ ಹೋಗಿ, ಬಂಡೆಗಳ ನಡುವೆ ಅಲೆದು, ಆಯ್ದು, ಚೀಲಗಳಲ್ಲಿ ಹೊತ್ತು ತಂದವು. ಕಳೆದ ಬೇಸಿಗೆಯಲ್ಲಿ ಆ ಕಟ್ಟಡವನ್ನು ತೆರವು ಮಾಡಬೇಕಾಗಿ ಬಂದಾಗ ಬೀರುವಿನ ಬಾಗಿಲು ತೆರೆಯಿತು. ಭೂವಿಜ್ಞಾನದ ಅಧ್ಯಾಪಕ ಮಿತ್ರರೊಬ್ಬರು ಎರಡು ದಿನ ಕುಳಿತು ಒಂದೊಂದನ್ನೂ ಎತ್ತಿ, ತಿರುಗಿಸಿ ನೋಡಿದರು. ಮೂರನೆಯ ದಿನ, "ಏನು ತೀರ್ಮಾನ ಮಾಡಿದಿರಿ?" ಎಂದು ನಾನು ಕೇಳಿದೆ.

"ಇವಕ್ಕೆ ಊರಿಲ್ಲ, ಮೇಷ್ಟ್ರೆ" ಎಂದರು ಅವರು. "ಯಾವ ಹಳ್ಳಿ, ಯಾವ ಪದರ, ಯಾವ ವರ್ಷ, ಯಾರು ತಂದದ್ದು, ಒಂದು ಚೀಟಿಯೂ ಇಲ್ಲ. ಚೆನ್ನಾಗಿ ಕಾಣುವ ಹತ್ತನ್ನು ಪಾಠ ಹೇಳುವುದಕ್ಕೆ ಇಟ್ಟುಕೊಳ್ಳೋಣ. ಉಳಿದವು ಪಾಯಕ್ಕೆ ಹಾಕಲು ಆದಾವು."

ಮಾತು ಒರಟಾಗಿ ಕೇಳಿಸಿದರೂ ಅದರಲ್ಲಿ ಕೋಪಕ್ಕಿಂತ ನೋವೇ ಹೆಚ್ಚಾಗಿತ್ತು. ಕೋಟ್ಯಂತರ ವರ್ಷ ನೆಲದೊಳಗೆ ಕೆಡದೆ ಉಳಿದು ಬಂದ ವಸ್ತು ನಮ್ಮ ಬೀರುವಿನಲ್ಲಿ ಮೂವತ್ತು ವರ್ಷ ಇದ್ದು ಕೆಟ್ಟುಹೋಯಿತು. ಗೆದ್ದಲು ತಿಂದದ್ದಲ್ಲ, ಮಳೆ ನೆನೆಸಿದ್ದಲ್ಲ. ಒಂದು ಸಾಲು ಬರೆಯದೆ ಹೋದುದರಿಂದ ಕೆಟ್ಟದ್ದು. ನಾನು ಕನ್ನಡ ಪಾಠ ಹೇಳುವವನು; ಕಲ್ಲಿನ ಶಾಸ್ತ್ರ ನನ್ನದಲ್ಲ. ಆದರೆ ಬರೆಯದೆ ಕೆಟ್ಟ ವಿಷಯ ಭಾಷೆಯವರಿಗೂ ಸೇರಿದುದೆಂದು ನನ್ನ ಭಾವನೆ. ಆ ಧೈರ್ಯದ ಮೇಲೆ ಈ ನಾಲ್ಕು ಮಾತುಗಳನ್ನು ವಿದ್ಯಾರ್ಥಿಗಳ ಮತ್ತು ಅಧ್ಯಾಪಕರ ಮುಂದೆ ಇಡುತ್ತಿದ್ದೇನೆ.

ಕರ್ನಾಟಕದ ವಿದ್ಯಾರ್ಥಿಗಳು ಪಳೆಯುಳಿಕೆಗಳನ್ನು ಹುಡುಕಿಕೊಂಡು ಹೊರನಾಡಿಗೆ ಏಕೆ ಹೋಗಬೇಕೆಂದು ಕೆಲವರು ಕೇಳಬಹುದು. ನಮ್ಮ ನೆಲದಲ್ಲಿ ಕಲ್ಲಿಗೆ ಬರವಿಲ್ಲ. ಆದರೆ ನಮ್ಮ ಕಲ್ಲುಗಳಲ್ಲಿ ಬಹುಪಾಲು ತೀರ ಹಳೆಯವು. ಬೆಂಗಳೂರಿನ ಲಾಲ್‌ಬಾಗಿನ ಗುಡ್ಡದ ಮೇಲೆ ಸಂಜೆ ಕುಳಿತು ಕಡಲೆಕಾಯಿ ತಿನ್ನುವವರು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯ ನೈಸ್ ಶಿಲೆಯ ಮೇಲೆ ಕುಳಿತಿರುತ್ತಾರೆ. ಚಿಪ್ಪು, ಮೂಳೆಗಳುಳ್ಳ ಪ್ರಾಣಿಗಳು ಭೂಮಿಯ ಮೇಲೆ ಹೇರಳವಾಗಿ ಕಾಣಿಸಿಕೊಂಡದ್ದು ಸುಮಾರು 54 ಕೋಟಿ ವರ್ಷಗಳಿಂದ ಈಚೆಗೆ. ಹಾಗಾಗಿ ನಮ್ಮ ಬಂಡೆಗಳು ಹುಟ್ಟಿದಾಗ ಉಳಿಯಬಲ್ಲಂಥ ಎಲುಬಾಗಲಿ ಚಿಪ್ಪಾಗಲಿ ಇನ್ನೂ ಲೋಕದಲ್ಲಿಯೆ ಇರಲಿಲ್ಲ. ಚಿತ್ರದುರ್ಗದ ಶಿಲಾಪಟ್ಟಿಯಲ್ಲಿಯೂ ಬಾಗಲಕೋಟೆಯ ಸುತ್ತಿನ ಕಲಾದಗಿ ಶಿಲೆಗಳಲ್ಲಿಯೂ ಸ್ಟ್ರೊಮ್ಯಾಟೊಲೈಟ್ ಎಂಬ ಪದರ ಪದರವಾದ ರಚನೆಗಳಿವೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಆಳವಿಲ್ಲದ ನೀರಿನಲ್ಲಿ ಕಟ್ಟಿದ ಚಾಪೆಗಳ ಗುರುತು ಅವು. ತಿಳಿದವರಿಗೆ ಅವು ಅತ್ಯಮೂಲ್ಯ. ಆದರೆ ಹದಿನೆಂಟರ ಹರಯದ ವಿದ್ಯಾರ್ಥಿಗೆ ಅಂಗೈಯಲ್ಲಿ ಹಿಡಿದು, "ಇದು ಒಂದು ಕಾಲದಲ್ಲಿ ಉಸಿರಾಡುತ್ತಿತ್ತು" ಎಂದು ಬೆರಗಾಗಲು ಒಂದು ಚಿಪ್ಪು ಬೇಕು. ಅದಕ್ಕಾಗಿ ನಮ್ಮ ಸಂಘದವರು ರಾತ್ರಿಯ ಬಸ್ಸು ಹಿಡಿದು ತಮಿಳುನಾಡಿನ ಅರಿಯಲೂರು, ಪೆರಂಬಲೂರು ಜಿಲ್ಲೆಗಳಿಗೆ ಹೋಗುತ್ತಾರೆ.

ಅಲ್ಲಿಯ ಶಿಲಾಸಮೂಹಕ್ಕೆ ಭೂವಿಜ್ಞಾನಿಗಳು ಕಾವೇರಿಯ ಹೆಸರಿಟ್ಟಿದ್ದಾರೆ. ತಲಕಾವೇರಿಯಲ್ಲಿ ಹುಟ್ಟಿ ನಮ್ಮ ಗದ್ದೆಗಳನ್ನು ನೆನೆಸಿ ಹರಿಯುವ ಹೊಳೆ ಅದು. ಆದರೆ ಹೊಳೆಗಿಂತ ಬಹಳ ಹಿಂದೆ ಅಲ್ಲಿ ಸಮುದ್ರವಿತ್ತು. ಸುಮಾರು 10 ಕೋಟಿ ವರ್ಷಗಳ ಹಿಂದೆ ಕಡಲು ಒಳನಾಡಿನವರೆಗೆ ಚಾಚಿಕೊಂಡಿತ್ತು. ಏರಿತು, ಇಳಿಯಿತು, ಮತ್ತೆ ಏರಿತು. ಕೊನೆಗೆ ಹಿಂದೆ ಸರಿಯಿತು. ಅದರ ತಳದ ಕೆಸರು, ಮರಳು, ಸುಣ್ಣ ಪದರ ಪದರವಾಗಿ ಕಲ್ಲಾದುವು. ಕಾರೈ ಎಂಬ ಹಳ್ಳಿಯ ಬಳಿ ಮಳೆಯ ನೀರು ಜೇಡಿಯ ನೆಲವನ್ನು ಕೊರೆದು ನೂರಾರು ಕೊರಕಲುಗಳನ್ನು ಮಾಡಿದೆ. ಗಿಡವಿಲ್ಲ, ನೆರಳಿಲ್ಲ. ಹಳದಿ ಮಣ್ಣಿನ ಏಣುಗಳ ಮಧ್ಯೆ ಜಿಪ್ಸಮ್ಮಿನ ಗೆರೆಗಳು ಬಿಸಿಲಿಗೆ ಕನ್ನಡಿಯ ಚೂರುಗಳಂತೆ ಹೊಳೆಯುತ್ತವೆ. ಬಗ್ಗಿ ನೋಡಿದರೆ ಕಾಲಬುಡದಲ್ಲಿಯೆ ಬೆಲೆಮ್ನೈಟುಗಳು ಬಿದ್ದಿರುತ್ತವೆ. ನಮ್ಮ ಕರಾವಳಿಯವರು ಬೊಂಡಾಸ ಎಂದು ಕರೆಯುವ ಮೃದುಪ್ರಾಣಿಯ ದೂರದ ಬಂಧುವಿನ ಒಳಗಿದ್ದ ಗಟ್ಟಿಯಾದ ಕಡ್ಡಿ ಅದು. ನೀರಿಲ್ಲದ ಆ ನೆಲದಲ್ಲಿ ನಿಂತು ಅದನ್ನು ಕೈಗೆ ತೆಗೆದುಕೊಂಡವನು ಒಂದು ನಿಮಿಷವಾದರೂ ಮಾತು ಮರೆಯುತ್ತಾನೆ. ನಾನು ಮರೆತಿದ್ದೇನೆ.

ಆ ಒಂದು ನಿಮಿಷ ಕಳೆದ ಮೇಲೆ ನಡೆಯುವುದೇನೆಂಬುದು ಈ ಲೇಖನದ ವಿಷಯ. ಯಾರೋ ಒಬ್ಬರು, "ಇಲ್ಲಿ ಸಿಕ್ಕಿತು!" ಎಂದು ಕೂಗುತ್ತಾರೆ. ಐವತ್ತು ಮಂದಿ ಅತ್ತ ಓಡುತ್ತಾರೆ. ಅರ್ಧ ಗಂಟೆಯಲ್ಲಿ ಚೀಲಗಳು ತುಂಬುತ್ತವೆ. ಕೊರಕಲಿನ ಬುಡದಲ್ಲಿ ಸಿಕ್ಕಿದ್ದು, ನೆತ್ತಿಯಲ್ಲಿ ಸಿಕ್ಕಿದ್ದು, ದಾರಿಯಲ್ಲಿ ಯಾರೋ ಬಿಸಾಡಿದ್ದು, ಎಲ್ಲವೂ ಒಂದೇ ಚೀಲಕ್ಕೆ. ಬಸ್ಸಿನಲ್ಲಿ ಅಂತ್ಯಾಕ್ಷರಿಯ ನಡುವೆ ಎಣಿಕೆಯಾಗುತ್ತದೆ: ನಿನಗೆಷ್ಟು, ನನಗೆಷ್ಟು. ಊರಿಗೆ ಬಂದ ಮೇಲೆ ಅರ್ಧ ಬೀರುವಿಗೆ, ಇನ್ನರ್ಧ ಮನೆಗಳ ಕಿಟಕಿಯ ದಂಡೆಗೆ. ಮುಂದಿನ ವರ್ಷ ಹೊಸ ತಂಡ, ಹೊಸ ಚೀಲ. ಇದನ್ನು ಹಾಸ್ಯ ಮಾಡುವುದು ನನ್ನ ಉದ್ದೇಶವಲ್ಲ. ಆ ಉತ್ಸಾಹ ಇಲ್ಲದ ಕಡೆ ವಿದ್ಯೆಯೂ ಇಲ್ಲ. ಆದರೆ ಉತ್ಸಾಹಕ್ಕೆ ಒಂದು ಶಿಸ್ತು ಕೂಡಿಬರದಿದ್ದರೆ ಅದು ಸುಲಿಗೆಗೆ ಬಹಳ ಸಮೀಪದ ವಸ್ತುವಾಗುತ್ತದೆ.

ಪಳೆಯುಳಿಕೆ ಎಂಬ ಮಾತನ್ನೇ ತೆಗೆದುಕೊಳ್ಳೋಣ. ಹಳೆಯದರ ಉಳಿಕೆ ಎಂದು ಅದರ ಅರ್ಥ. ಹೊಸಗನ್ನಡದ ರೀತಿಯಲ್ಲಿ 'ಹಳೆಯುಳಿಕೆ' ಎನ್ನಬೇಕಾಗಿತ್ತು. ಪಂಪನ ಕಾಲದ ಪಕಾರ ಮುಂದಿನ ಶತಮಾನಗಳಲ್ಲಿ ಹಕಾರವಾಯಿತೆಂಬುದನ್ನು ನಮ್ಮ ವಿದ್ಯಾರ್ಥಿಗಳೆಲ್ಲ ಬಲ್ಲರು: ಪಾಲು ಹಾಲಾಯಿತು, ಪೂ ಹೂವಾಯಿತು, ಪುಲಿ ಹುಲಿಯಾಯಿತು. ಈ ಶಬ್ದದಲ್ಲಿ ಮಾತ್ರ ಪಕಾರ ಕೆಡದೆ ನಿಂತಿದೆ. ಆದರೆ ಹಳಗನ್ನಡದಲ್ಲಿ ಅದರ ಮಗ್ಗುಲಲ್ಲಿದ್ದುದು ೞಕಾರ. ಅದು ಹೋಗಿ ಆ ಜಾಗದಲ್ಲಿ ಳಕಾರ ಬಂದು ಕುಳಿತಿದೆ. ಶಬ್ದದ ಆಕಾರ ಉಳಿಯಿತು, ಒಳಗಿನ ದ್ರವ್ಯ ಬದಲಾಯಿತು. ಚಿಪ್ಪೊಂದು ಕಲ್ಲಾಗುವುದೂ ಅನೇಕ ವೇಳೆ ಹೀಗೆಯೆ. ಕೆಸರಿನಲ್ಲಿ ಹೂತ ಚಿಪ್ಪಿನ ಮೂಲದ್ರವ್ಯ ಮೆಲ್ಲಮೆಲ್ಲನೆ ಕರಗಿ, ನೀರು ತಂದ ಖನಿಜ ಆ ಸ್ಥಳವನ್ನು ತುಂಬುತ್ತದೆ. ಗೆರೆ ಗೆರೆಯೂ ಹಾಗೆಯೆ ಇರುತ್ತದೆ, ಒಳಗಿನ ಕಣ ಬೇರೆ. 'ಪಳೆಯುಳಿಕೆ' ಎಂಬ ಪದವೇ ಒಂದು ಪಳೆಯುಳಿಕೆಯೆಂದರೆ ಹುಡುಗರು ನಗುತ್ತಾರೆ. ಆದರೆ ನಾವು ಅದನ್ನು ಹಾಗೆಂದು ಹೇಳಬಲ್ಲೆವಾದದ್ದು ಹೇಗೆ? ಯಾವ ಶತಮಾನದ ಗ್ರಂಥದಲ್ಲಿ ಪಕಾರ, ಯಾವುದರಲ್ಲಿ ಹಕಾರ, ೞಕಾರ ಎಲ್ಲಿಯವರೆಗೆ ನಿಂತಿತು ಎಂಬ ಲೆಕ್ಕವನ್ನು ಹಿರಿಯರು ಇಟ್ಟದ್ದರಿಂದ. ಎಲ್ಲ ಪದಗಳನ್ನೂ ಕಾಲದೇಶಗಳ ಗುರುತಿಲ್ಲದೆ ಒಂದೇ ಚೀಲಕ್ಕೆ ಸುರಿದಿದ್ದರೆ ಭಾಷೆಯ ಚರಿತ್ರೆಯೆಂಬುದು ಹುಟ್ಟುತ್ತಲೇ ಇರಲಿಲ್ಲ.

ಶಾಸನಗಳ ಮಾತು ಇನ್ನೂ ಸ್ಪಷ್ಟ. ಕನ್ನಡದ ಅತ್ಯಂತ ಪ್ರಾಚೀನ ಶಾಸನಗಳಲ್ಲಿ ಒಂದನ್ನು 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಗುರುತಿಸಿದರು. ಅದರಲ್ಲಿ ಶಕವರ್ಷದ ಉಲ್ಲೇಖವಿಲ್ಲ. ಲಿಪಿ, ಭಾಷೆ, ಬಂದಿರುವ ಹೆಸರುಗಳು ಇವನ್ನು ನೋಡಿ ಸುಮಾರು ಕ್ರಿ. ಶ. 450 ಎಂದು ವಿದ್ವಾಂಸರು ಕಾಲವನ್ನು ಊಹಿಸಿದರು. ಕಲ್ಲು ಆಮೇಲೆ ಹಳ್ಳಿಯನ್ನು ಬಿಟ್ಟು ವಸ್ತುಸಂಗ್ರಹಾಲಯದ ರಕ್ಷಣೆಗೆ ಹೋಯಿತು. ಆದರೆ ಹೆಸರು ಮಾತ್ರ ಅದರ ಜೊತೆಯಲ್ಲಿಯೆ ಹೋಯಿತು. ಇಂದಿಗೂ ಅದು ಹಲ್ಮಿಡಿ ಶಾಸನ. ಬಿ. ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಶಾಸನಗಳಿಂದ ಮೊದಲುಮಾಡಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ಹೊರಡಿಸಿದಾಗ ಶಾಸನಗಳನ್ನು ತಾಲ್ಲೂಕು ತಾಲ್ಲೂಕಾಗಿ ವಿಂಗಡಿಸಿ ಸಂಖ್ಯೆ ಹಾಕಿದರು. ಊರು ಯಾವುದು, ಕಲ್ಲು ಎಲ್ಲಿದೆ, ದೇವಸ್ಥಾನದ ಯಾವ ಕಡೆ, ಯಾರ ಹೊಲದಲ್ಲಿ ಎಂದು ತಿಳಿಸಿದರು. ಅವರು ಅಂದು ಕಂಡ ಕಲ್ಲುಗಳಲ್ಲಿ ಕೆಲವು ಇಂದು ಸಿಗದೆ ಹೋದರೂ ಶಾಸನ ನಮಗೆ ನಷ್ಟವಾಗಿಲ್ಲ. ವಿಳಾಸ ಉಳಿದಿದೆ, ವಿಳಾಸದೊಡನೆ ಅರ್ಥವೂ ಉಳಿದಿದೆ.

ಶಾಸನಕ್ಕೂ ಪಳೆಯುಳಿಕೆಗೂ ಒಂದು ವ್ಯತ್ಯಾಸವುಂಟು. ಶಾಸನವನ್ನು ಕಡೆಸಿದವರು ಮುಂದಾಲೋಚನೆಯುಳ್ಳವರು. ದಾನದ ವಿವರವೆಲ್ಲ ಮುಗಿದ ಮೇಲೆ, ಇದನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಟ್ಟುವುದೆಂಬ ಶಾಪವನ್ನೂ ಕೊನೆಯಲ್ಲಿ ಸೇರಿಸಿಟ್ಟರು. ಪಳೆಯುಳಿಕೆಗೆ ಶಾಪಾಶಯವಿಲ್ಲ. ಯಾರು ಬೇಕಾದರೂ ಕೀಳಬಹುದು. ಕಿತ್ತವನ ಮನೆಯಲ್ಲಿ ಏನೂ ಕೇಡಾಗುವುದಿಲ್ಲ. ಅದನ್ನು ಕಾಯುವುದು ನಮ್ಮ ವಿವೇಕವೊಂದೇ.

ಇನ್ನು ನಮ್ಮ ಮನೆಗಳ ದೇವರ ಪೆಟ್ಟಿಗೆಯನ್ನು ನೋಡಿದರೆ ಅಲ್ಲಿಯೂ ಈ ವಿವೇಕದ ಒಂದು ಉದಾಹರಣೆ ಸಿಗುತ್ತದೆ. ಸಾಲಿಗ್ರಾಮವೆಂದು ನಾವು ಪೂಜಿಸುವ ಕಪ್ಪುಶಿಲೆಯಲ್ಲಿ ಕಾಣುವ ಚಕ್ರ ಅನೇಕವೇಳೆ ಅಮ್ಮೊನೈಟ್ ಎಂಬ ಕಡಲಪ್ರಾಣಿಯ ಸುರುಳಿ. ಹಿಮಾಲಯ ಏಳುವುದಕ್ಕೆ ಮುಂಚೆ ಅಲ್ಲಿದ್ದ ಸಮುದ್ರದಲ್ಲಿ ಬದುಕಿದ್ದ ಜೀವಿ ಅದು. ಭಕ್ತಿಯಿಂದ ನೋಡುವವರಿಗೆ ಅದು ವಿಷ್ಣುವಿನ ಚಕ್ರ, ಶಾಸ್ತ್ರದಿಂದ ನೋಡುವವರಿಗೆ ಜೀವದ ಗುರುತು. ಎರಡು ನೋಟಗಳಿಗೂ ಜಗಳವಿರಬೇಕಾದ ಅಗತ್ಯವಿಲ್ಲ. ನಾನು ಗಮನಿಸಬೇಕೆನ್ನುವುದು ಬೇರೊಂದು ಸಂಗತಿ. ಸಾಲಿಗ್ರಾಮವೆಂಬುದು ಮೂಲತಃ ನೇಪಾಳದ ಗಂಡಕೀ ನದಿಯ ದಡದ ಒಂದು ಊರಿನ ಹೆಸರು. ಊರ ಹೆಸರೇ ಕಲ್ಲಿನ ಹೆಸರಾಗಿದೆ. ಗಂಡಕಿಯಿಂದ ಬಂದದ್ದೆಂದು ಹೇಳಿಯೆ ಅದನ್ನು ಕೊಡುತ್ತಾರೆ, ಹಾಗೆಂದು ಕೇಳಿಯೆ ತೆಗೆದುಕೊಳ್ಳುತ್ತಾರೆ. ಪೂಜೆಯ ಕಲ್ಲಿಗೆ ಹುಟ್ಟೂರನ್ನು ಕೇಳುವ ನಾವು ಪಾಠದ ಕಲ್ಲಿಗೆ ಕೇಳದೆ ಹೋದದ್ದು ಸೋಜಿಗವೇ ಸರಿ.

ಅರಿಯಲೂರಿನ ಕಲ್ಲುಗಳನ್ನು ಮೊದಲು ಆಯ್ದವರು ಭೂವಿಜ್ಞಾನಿಗಳಲ್ಲ. 1840ರ ಸುಮಾರಿನಲ್ಲಿ ಮದರಾಸು ಸರ್ಕಾರದ ಸೇವೆಯಲ್ಲಿದ್ದ ಕೇ ಮತ್ತು ಕನ್ಲಿಫ್ ಎಂಬ ಇಬ್ಬರು ಅಧಿಕಾರಿಗಳು ಹವ್ಯಾಸದಿಂದ ಕೂಡಿಸಿ ಲಂಡನ್ನಿಗೆ ಕಳುಹಿಸಿದರು. ಎಡ್ವರ್ಡ್ ಫೋರ್ಬ್ಸ್ 1846ರಲ್ಲಿ ಅವುಗಳನ್ನು ವರ್ಣಿಸಿ ಪ್ರಕಟಿಸಿದ. ಆಮೇಲೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಎಚ್. ಎಫ್. ಬ್ಲ್ಯಾನ್‌ಫರ್ಡ್ ಆ ಪ್ರದೇಶವನ್ನೆಲ್ಲ ಸುತ್ತಿ ಪದರಗಳನ್ನು ವಿಂಗಡಿಸಿ 1862ರಲ್ಲಿ ವರದಿ ಬರೆದ: ಎಲ್ಲಕ್ಕಿಂತ ಕೆಳಗೆ ಉಟ್ಟತ್ತೂರು, ಅದರ ಮೇಲೆ ತಿರುಚಿನಾಪಳ್ಳಿ, ಎಲ್ಲಕ್ಕೂ ಮೇಲೆ ಅರಿಯಲೂರು. ಆ ಕಡಲಿನ ಜೀವರಾಶಿಯನ್ನು 1863ರಿಂದ 1873ರವರೆಗೆ ನಾಲ್ಕು ಸಂಪುಟಗಳಲ್ಲಿ ಚಿತ್ರಸಮೇತ ವರ್ಣಿಸಿದವನು ಫರ್ಡಿನಂಡ್ ಸ್ಟೊಲಿಚ್ಕಾ. ಮೊರಾವಿಯಾದಲ್ಲಿ 1838ರಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ದುಡಿದು, ಯಾರ್ಕಂದಿನ ಯಾತ್ರೆಯಿಂದ ಮರಳುವಾಗ 1874ರಲ್ಲಿ ಲಡಾಖಿನ ಪರ್ವತಗಳಲ್ಲಿ ತೀರಿಕೊಂಡವನು ಆತ. ಅವನ ಸಂಪುಟಗಳನ್ನು ತಿರುವಿದರೆ ಒಂದೊಂದು ಚಿಪ್ಪಿನ ವರ್ಣನೆಯೊಡನೆಯೂ ಒಂದು ತಮಿಳು ಹಳ್ಳಿಯ ಹೆಸರು ಬರುತ್ತದೆ: ಒಡಿಯಂ, ಮರವತ್ತೂರು, ಆನಪ್ಪಾಡಿ. ಅವನ ಕಾಗುಣಿತ ನಮಗೆ ವಿಚಿತ್ರವಾಗಿ ಕಾಣಬಹುದು. ಆದರೆ ಆ ಹೆಸರು ಅಲ್ಲಿರುವುದರಿಂದ ಒಂದೂವರೆ ಶತಮಾನದ ಮೇಲೆಯೂ ಅದೇ ಹಳ್ಳಿಗೆ ಹೋಗಿ ಅವನ ಮಾತನ್ನು ಪರೀಕ್ಷಿಸಲು ಸಾಧ್ಯವಾಗಿದೆ.

ಪದರದ ಗುರುತು ಏಕೆ ಇಷ್ಟು ಮುಖ್ಯವೆಂದರೆ, ಅಲ್ಲಿ ಕೆಳಗಿನದು ಮುಂಚಿನ ಕಾಲ, ಮೇಲಿನದು ಅನಂತರದ ಕಾಲ. ಉಟ್ಟತ್ತೂರಿನ ಪದರಗಳಿಂದ ಅರಿಯಲೂರಿನ ಪದರಗಳವರೆಗೆ ಅಮ್ಮೊನೈಟುಗಳಿವೆ. ಅವುಗಳಿಗೂ ಮೇಲೆ, ನಿನ್ನಿಯೂರಿನ ಕಡೆಯ ಪದರಗಳಲ್ಲಿ, ಅವು ಇಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರುಗಳನ್ನು ಅಳಿಸಿದ ಮಹಾನಾಶದಲ್ಲಿ ಇವುಗಳ ವಂಶವೂ ಮುಗಿಯಿತು. ಒಂದು ಇಡೀ ಲೋಕ ಮುಗಿದ ಕಥೆಯನ್ನು ಆ ಹೊಲಗಳಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆಯುತ್ತ ಓದಬಹುದು. ಕೆಳಗಿನದೂ ಮೇಲಿನದೂ ಒಂದೇ ಚೀಲಕ್ಕೆ ಬಿದ್ದ ಕ್ಷಣವೇ ಪುಸ್ತಕದ ಹಾಳೆಗಳನ್ನು ಬಿಚ್ಚಿ ಗಾಳಿಗೆ ತೂರಿದಂತೆ. ಅಕ್ಷರಗಳೆಲ್ಲ ಇರುತ್ತವೆ, ಓದುವುದಕ್ಕೆ ಮಾತ್ರ ಬರುವುದಿಲ್ಲ.

ಸ್ಥಳದ ಗುರುತು ಸುಳ್ಳಾದರೆ ಏನಾಗುವುದೆಂಬುದಕ್ಕೆ ನಮ್ಮ ದೇಶವೇ ಒಂದು ಕಹಿಯಾದ ನಿದರ್ಶನವನ್ನು ಕೊಟ್ಟಿದೆ. 1989ರಲ್ಲಿ ಆಸ್ಟ್ರೇಲಿಯದ ಜಾನ್ ಟ್ಯಾಲೆಂಟ್ ಎಂಬ ವಿಜ್ಞಾನಿ 'ನೇಚರ್' ಪತ್ರಿಕೆಯಲ್ಲಿ ಒಂದು ಆಪಾದನೆಯನ್ನು ಪ್ರಕಟಿಸಿದರು. ಹಿಮಾಲಯದಲ್ಲಿ ದೊರೆತವೆಂದು ಭಾರತೀಯ ಪ್ರಾಧ್ಯಾಪಕರೊಬ್ಬರು ಎರಡು ದಶಕಗಳಿಗೂ ಮಿಕ್ಕಿ ವರ್ಣಿಸುತ್ತ ಬಂದಿದ್ದ ಪಳೆಯುಳಿಕೆಗಳಲ್ಲಿ ಹಲವು ಹಿಮಾಲಯದವೇ ಅಲ್ಲ. ಕೆಲವು ಮೊರಾಕ್ಕೊ ದೇಶದಿಂದ ಬಂದು ಅಂಗಡಿಗಳಲ್ಲಿ ಮಾರಾಟವಾಗುವಂಥವು ಎಂದು ಅವರ ವಾದ. ಕಲ್ಲುಗಳು ನಕಲಿಯಲ್ಲ, ಅವು ನಿಜವಾದ ಪಳೆಯುಳಿಕೆಗಳೇ. ಸುಳ್ಳಾದದ್ದು ಊರಿನ ಹೆಸರು. ಅಷ್ಟರಿಂದಲೇ ಹಿಮಾಲಯದ ಭೂಚರಿತ್ರೆಯ ಎಷ್ಟೋ ಪುಟಗಳು ನಂಬಿಕೆಗೆ ಅನರ್ಹವಾದುವು. ಒಂದು ಚೀಟಿಯ ಬೆಲೆ ಎಷ್ಟೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಸಂಗ ನನಗೆ ತಿಳಿದಿಲ್ಲ. ಸುಳ್ಳು ಚೀಟಿ ಅಪರಾಧವೆಂದು ನಾವೆಲ್ಲ ಒಪ್ಪುತ್ತೇವೆ. ಚೀಟಿಯೇ ಇಲ್ಲದಿರುವುದನ್ನು ಮಾತ್ರ ಅಜಾಗರೂಕತೆಯೆಂದು ಕ್ಷಮಿಸಿಬಿಡುತ್ತೇವೆ. ಕಲ್ಲಿಗೆ ಎರಡರ ಫಲವೂ ಒಂದೇ.

ಇಲ್ಲಿ ಎರಡು ಆಕ್ಷೇಪಣೆಗಳು ಬರುತ್ತವೆ, ಎರಡರಲ್ಲಿಯೂ ಹುರುಳಿದೆ. ಮೊದಲನೆಯದು: ಈ ಕೆಲಸವನ್ನೆಲ್ಲ ಬಲ್ಲವರಿಗೆ ಬಿಟ್ಟುಬಿಡಬಾರದೆ? ವಿದ್ಯಾರ್ಥಿಗಳು ನೋಡಿ ಬರಲಿ, ಮುಟ್ಟುವುದು ಬೇಡ. ಸಾತ್ತನೂರಿನಲ್ಲಿ ಹೀಗೆಯೆ ಮಾಡಿದ್ದಾರೆ. ಅಲ್ಲಿ 1940ರಲ್ಲಿ ಎಂ. ಎಸ್. ಕೃಷ್ಣನ್ ಗುರುತಿಸಿದ ಸುಮಾರು 18 ಮೀಟರ್ ಉದ್ದದ ಕಲ್ಲಾದ ಮರದ ಕಾಂಡ ಇಂದಿಗೂ ಅದೇ ನೆಲದಲ್ಲಿ, ಬೇಲಿಯೊಳಗೆ ಮಲಗಿದೆ. ನೋಡಿದವರಿಗೆ ಅದರ ಗಾಂಭೀರ್ಯ ಮರೆಯುವುದಿಲ್ಲ. ಅಂಥ ಅಪೂರ್ವ ವಸ್ತುವನ್ನು ಇದ್ದಲ್ಲಿಯೆ ಇರಗೊಡುವುದು ಸರಿಯಾದ ಮಾರ್ಗ. ಆದರೆ ಎಲ್ಲಕ್ಕೂ ಇದೇ ನಿಯಮವನ್ನು ಹೇಳುವವರು ಕೇ ಮತ್ತು ಕನ್ಲಿಫ್ ಅವರನ್ನು ಮರೆಯುತ್ತಾರೆ. ಹವ್ಯಾಸಿಗಳ ಕಣ್ಣು ಮತ್ತು ಕಾಲುಗಳಿಲ್ಲದೆ ಈ ಶಾಸ್ತ್ರ ಎಲ್ಲಿಯೂ ಬೆಳೆದಿಲ್ಲ. ಅಲ್ಲದೆ ಕೈಯಲ್ಲಿ ಹಿಡಿಯದವನಿಗೆ ಪ್ರೀತಿ ಹುಟ್ಟುವುದೂ ಕಷ್ಟ.

ಎರಡನೆಯ ಆಕ್ಷೇಪಣೆ ಇನ್ನೂ ಬಲವಾದುದು. ನೀವು ಆಯದೆ ಬಿಟ್ಟರೆ ಅವು ಉಳಿಯುತ್ತವೆಯೆ? ಪ್ರತಿಯೊಂದು ಮಳೆಗಾಲವೂ ಕಾರೈಯ ಜೇಡಿಯನ್ನು ಕೊರೆಯುತ್ತದೆ. ಹೊರಬಿದ್ದ ಚಿಪ್ಪು ಕೆಲವು ವರ್ಷಗಳಲ್ಲಿ ಒಡೆದು ಪುಡಿಯಾಗುತ್ತದೆ. ಅರಿಯಲೂರಿನ ಸುಣ್ಣಕಲ್ಲನ್ನು ಸಿಮೆಂಟಿಗಾಗಿ ಬೆಟ್ಟಗಟ್ಟಲೆ ಅಗೆದು ಅರೆಯುತ್ತಿದ್ದಾರೆ. ನಮ್ಮ ಮನೆಗಳ ಗೋಡೆಗಳಲ್ಲಿ ಎಷ್ಟು ಅಮ್ಮೊನೈಟುಗಳ ಪುಡಿ ಇದೆಯೋ ಬಲ್ಲವರಾರು? ಹೀಗಿರುವಲ್ಲಿ ಐವತ್ತು ಹುಡುಗರ ಚೀಲವನ್ನು ದೂರುವುದು ನ್ಯಾಯವೆ? ನ್ಯಾಯವಲ್ಲವೆಂದು ನಾನೂ ಒಪ್ಪುತ್ತೇನೆ. ಮಳೆಯ ಬಾಯಿಂದ, ಯಂತ್ರದ ಬಾಯಿಂದ ಒಂದು ಚಿಪ್ಪನ್ನು ತಪ್ಪಿಸಿ ತಂದವನು ಉಪಕಾರವನ್ನೇ ಮಾಡಿದನು. ಆದರೆ ಆ ಉಪಕಾರ ಪೂರ್ಣವಾಗಬೇಕಾದರೆ ಚಿಪ್ಪಿನೊಡನೆ ಅದರ ಸ್ಥಳವನ್ನೂ ತರಬೇಕು. ಉರಿಯುವ ಮನೆಯಿಂದ ಮಗುವನ್ನು ಎತ್ತಿ ತಂದವನು ಅದು ಯಾರ ಮನೆಯ ಮಗುವೆಂಬುದನ್ನೂ ಹೇಳಬೇಕಷ್ಟೆ.

ಆದುದರಿಂದ ಆಯುವುದನ್ನು ಬಿಡಿ ಎನ್ನುವುದು ನನ್ನ ವಾದವಲ್ಲ. ಬರೆಯದೆ ಆಯಬೇಡಿ ಎಂಬುದಷ್ಟೇ. ಕೈ ಹಾಕುವುದಕ್ಕೆ ಮೊದಲು ಲೇಖನಿ ಹೊರಬರಲಿ. ಹಳ್ಳಿಯ ಹೆಸರು, ಸಮೀಪದ ಗುರುತು, ದಿನಾಂಕ, ಆಯ್ದವರ ಹೆಸರು, ಪದರದ ಬಣ್ಣ ಮತ್ತು ಸ್ವರೂಪ; ಬಂಡೆಯಲ್ಲಿ ಅಂಟಿಕೊಂಡಿತ್ತೆ ಅಥವಾ ಸಡಿಲವಾಗಿ ಬಿದ್ದಿತ್ತೆ ಎಂಬ ವಿವರ. ಕೊನೆಯದು ಸಣ್ಣ ಮಾತಲ್ಲ. ಏಕೆಂದರೆ ಮೇಲಿನ ಪದರದ ಚಿಪ್ಪು ಉರುಳಿ ಕೆಳಗಿನ ಪದರದ ಮೇಲೆ ಬಂದು ನಿಲ್ಲುವುದುಂಟು. ಹಿಂದಿನವರಿಗಿಲ್ಲದ ಒಂದು ಸೌಕರ್ಯವೂ ಈಗಿನ ವಿದ್ಯಾರ್ಥಿಗಿದೆ. ಜೇಬಿನಲ್ಲಿರುವ ಮೊಬೈಲು ನಿಂತ ಜಾಗದ ಅಕ್ಷಾಂಶ ರೇಖಾಂಶಗಳನ್ನು ಹೇಳುತ್ತದೆ, ಚಿತ್ರವನ್ನೂ ತೆಗೆಯುತ್ತದೆ. ಬ್ಲ್ಯಾನ್‌ಫರ್ಡನಿಗೆ ವರ್ಷಗಟ್ಟಲೆ ಅಲೆದಾಟ ಬೇಕಾಗಿದ್ದ ಕೆಲಸದ ಒಂದು ಭಾಗ ಈಗ ಒಂದು ನಿಮಿಷದ್ದು. ಆ ಒಂದು ನಿಮಿಷವನ್ನೂ ಕೊಡಲಾರೆವೆಂದರೆ ಕಲ್ಲನ್ನು ಅಲ್ಲಿಯೆ ಬಿಟ್ಟು ಬರುವುದೇ ಮೇಲು.

ಸಂಘಗಳು ಇನ್ನೂ ಕೆಲವು ನಿಯಮಗಳನ್ನು ಹಾಕಿಕೊಳ್ಳಬಹುದು. ಸಡಿಲವಾಗಿ ಬಿದ್ದದ್ದನ್ನು ಮಾತ್ರ ಆಯುವುದು. ಬಂಡೆಯಲ್ಲಿ ನೆಟ್ಟಿರುವುದನ್ನು ಸುತ್ತಿಗೆಯಿಂದ ಬಿಡಿಸದೆ ಚಿತ್ರ ತೆಗೆದುಕೊಳ್ಳುವುದು. ಒಬ್ಬೊಬ್ಬರಿಗೆ ಒಂದೊಂದು ಚೀಲವಲ್ಲ, ಮೂವರಿಗೆ ಸೇರಿ ಒಂದು ಮಾದರಿ. ವಿಚಿತ್ರವೆಂದು ತೋರಿದ್ದನ್ನು ಮುಟ್ಟದೆ, ಬಲ್ಲವರಿಗೆ ತಿಳಿಸುವುದು. 2020ರಲ್ಲಿ ಪೆರಂಬಲೂರು ಜಿಲ್ಲೆಯ ಕುನ್ನಂ ಬಳಿ ದೊರೆತ ಗುಂಡುಕಲ್ಲುಗಳನ್ನು ಡೈನೋಸಾರಿನ ಮೊಟ್ಟೆಗಳೆಂದು ನಂಬಿ ಸುದ್ದಿ ಹಬ್ಬಿತು. ತಿಳಿದವರು ಹೋಗಿ ನೋಡಿದಾಗ ಅವು ಅಮ್ಮೊನೈಟುಗಳ ಸುತ್ತ ಕಟ್ಟಿದ ಕಲ್ಲುಂಡೆಗಳೆಂದು ಗೊತ್ತಾಯಿತು. ತಪ್ಪು ತಿದ್ದಿದ್ದು ಕಲ್ಲುಗಳು ಎಲ್ಲಿ ದೊರೆತುವೆಂಬುದು ತಿಳಿದಿದ್ದರಿಂದ. ಇನ್ನು, ಆ ಊರಿನ ಶಾಲೆಗೂ ಒಂದು ಪಾಲು ಸಲ್ಲಬೇಕು. ನಾವು ಅವರ ಹೊಲದ ಚರಿತ್ರೆಯನ್ನು ಬಸ್ಸಿಗೆ ತುಂಬಿಕೊಂಡು ಬರುವಾಗ, ಇದು ಇಂಥದೆಂದು ಅಲ್ಲಿಯ ಮಕ್ಕಳಿಗೆ ಹೇಳುವ ಸೌಜನ್ಯವಾದರೂ ಬೇಡವೆ? ಭೂಪಾರಂಪರ್ಯದ ತಾಣಗಳ ರಕ್ಷಣೆಗಾಗಿ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಒಂದು ಕರಡು ಮಸೂದೆಯನ್ನು ಪ್ರಕಟಿಸಿ ಅಭಿಪ್ರಾಯ ಕೇಳಿತು. ಕಾನೂನಿನ ಕೆಲಸ ಕಾನೂನಿಗಿರಲಿ. ಸಂಘದ ನಡವಳಿಕೆಗೆ ಅಷ್ಟು ದೂರದ ಅಪ್ಪಣೆ ಬೇಕಾಗಿಲ್ಲ.

ನನ್ನ ಸಹೋದ್ಯೋಗಿಗಳಾದ ಕನ್ನಡ ಅಧ್ಯಾಪಕರಿಗೂ ಒಂದು ಮಾತು. ಕಲ್ಲಿನ ಚೀಟಿ ಬರೆಯುವುದು ವಿಜ್ಞಾನದವರ ಕೆಲಸವೆಂದು ನಾವು ದೂರ ನಿಲ್ಲಬಾರದು. ಕಂಡದ್ದನ್ನು ಕಂಡಷ್ಟೇ, ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಬರೆಯುವುದಕ್ಕಿಂತ ದೊಡ್ಡ ಭಾಷಾಭ್ಯಾಸ ಯಾವುದು? ಈ ಜನವರಿಯಲ್ಲಿ ಸಂಘದವರ ಜೊತೆ ನಾನೂ ಕಾರೈಗೆ ಹೋಗಿದ್ದೆ. ಹೊರಡುವ ಮೊದಲೇ ಗೊತ್ತುಮಾಡಿದ್ದೆವು: ಮೊದಲ ಒಂದು ಗಂಟೆ ಯಾರೂ ಏನನ್ನೂ ಎತ್ತಬಾರದು, ಕಂಡದ್ದನ್ನು ಒಂದು ಪುಟ ಕನ್ನಡದಲ್ಲಿ ಬರೆಯಬೇಕು. ಗೊಣಗಾಟವಾಯಿತು. ಆಮೇಲೆ ಒಬ್ಬಳು ಹುಡುಗಿ ಕೊರಕಲಿನ ಅಂಚಿನಿಂದ ಕರೆದಳು: "ಸಾರ್, ಇಲ್ಲಿ ಏಳು ಕಡ್ಡಿಗಳಿವೆ. ಏಳೂ ಒಂದೇ ದಿಕ್ಕಿಗೆ ಮೂತಿಮಾಡಿಕೊಂಡು ಮಲಗಿವೆ." ಭೂವಿಜ್ಞಾನದ ಮಿತ್ರರು ಓಡಿಹೋಗಿ ಮಂಡಿಯೂರಿ ನೋಡಿದರು. ಪದರದಲ್ಲಿ ಬೆಲೆಮ್ನೈಟುಗಳು ಹೀಗೆ ಸಾಲಾಗಿ ಮಲಗಿದ್ದರೆ, ಅಂದಿನ ಕಡಲತಳದಲ್ಲಿ ನೀರಿನ ಸೆಳೆತ ಯಾವ ನೇರಕ್ಕಿತ್ತೆಂಬುದಕ್ಕೆ ಅದು ಸುಳಿವಂತೆ. ಮೂವತ್ತು ವರ್ಷ ನಮ್ಮ ಹುಡುಗರು ಅಂಥ ಕಡ್ಡಿಗಳನ್ನು ಹಿಡಿ ಹಿಡಿಯಾಗಿ ಆಯ್ದು ತಂದಿದ್ದರು. ಅವು ಯಾವ ಕಡೆಗೆ ಮುಖಮಾಡಿದ್ದುವೆಂದು ಒಬ್ಬರೂ ನೋಡಿರಲಿಲ್ಲ. ಎತ್ತಿದ ಮೇಲೆ ನೋಡುವುದಕ್ಕೆ ಏನೂ ಉಳಿಯುವುದಿಲ್ಲ. ಆ ಏಳನ್ನು ಹಾಗೆಯೆ ಬಿಟ್ಟು ಬಂದೆವು. ದಿಕ್ಸೂಚಿಯಿಂದ ಅಳೆದು ಹುಡುಗಿ ಬರೆದ ಆ ಒಂದು ಪುಟ ಈಗ ನಮ್ಮ ಗ್ರಂಥಾಲಯದಲ್ಲಿದೆ. ಬೀರುವಿನ ಕಲ್ಲುಗಳಷ್ಟನ್ನೂ ಒಂದು ತಟ್ಟೆಯಲ್ಲಿಟ್ಟು ಆ ಪುಟವನ್ನು ಇನ್ನೊಂದರಲ್ಲಿಟ್ಟರೆ ಪುಟವೇ ತೂಕವಾದೀತೆಂದು ನನ್ನ ನಂಬಿಕೆ.

ಕೊನೆಯಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಹನ್ನೆರಡು ವರ್ಷಗಳ ಹಿಂದೆ ಮೊದಲ ಸಲ ಸಂಘದವರೊಡನೆ ಹೋದಾಗ ನಾನೂ ಒಂದು ಅಮ್ಮೊನೈಟನ್ನು ತಂದೆ. ಅಂಗೈಯಗಲದ್ದು, ಅಂಚಿನ ಏಣುಗಳು ಇನ್ನೂ ಸವೆದಿಲ್ಲ. ಅಂದಿನಿಂದ ಅದು ನನ್ನ ಮೇಜಿನ ಮೇಲೆ ಉತ್ತರಪತ್ರಿಕೆಗಳು ಹಾರದಂತೆ ಕಾಯುತ್ತಿದೆ. ಆ ದಿನ ನಾವು ಎರಡು ಹಳ್ಳಿಗಳಿಗೆ ಹೋಗಿದ್ದೆವು. ಇದು ಬೆಳಗಿನ ಹಳ್ಳಿಯದೋ ಮಧ್ಯಾಹ್ನದ ಹಳ್ಳಿಯದೋ ಎಂದು ಎಷ್ಟು ನೆನೆದರೂ ನೆನಪಾಗದು. ಬೀರುವನ್ನು ತೆರವು ಮಾಡಿದ ದಿನ ಮನೆಗೆ ಬಂದವನು ಒಂದು ಚೀಟಿ ತೆಗೆದುಕೊಂಡು ವರ್ಷವನ್ನೂ ನನ್ನ ಹೆಸರನ್ನೂ ಬರೆದೆ. 'ಸ್ಥಳ' ಎಂಬುದರ ಮುಂದೆ 'ಬರೆದುಕೊಳ್ಳಲಿಲ್ಲ' ಎಂದು ಬರೆದು ಕಲ್ಲಿನ ಕೆಳಗೆ ಅಂಟಿಸಿದೆ. ಮನೆಗೆ ಬರುವ ವಿದ್ಯಾರ್ಥಿಗಳು ಅದನ್ನು ಎತ್ತಿ ನೋಡಿ ಅದೇನೆಂದು ಕೇಳುತ್ತಾರೆ. ನಾನು ಹೇಳುತ್ತೇನೆ.